ಕೋಶ ಓದುವ ಪದವಿ

ಏಳೂವರೆ ಸೆಂಟಿಮೀಟರ್ ಉದ್ದ, ಎರಡೂವರೆ ಸೆಂಟಿಮೀಟರ್ ಅಗಲದ ಗಾಜಿನ ಸ್ಲೈಡ್ ಮೈಕ್ರೋಸ್ಕೋಪಿನ ಕೆಳಗೆ ಎಡದಿಂದ ಬಲಕ್ಕೆ ಸರಿಯುತ್ತದೆ. ತುದಿ ಮುಟ್ಟಿದ ಮೇಲೆ ತುಸು ಕೆಳಗೆ ಜರುಗಿ ಬಲದಿಂದ ಎಡಕ್ಕೆ ಬರುತ್ತದೆ. ಗುಲಾಬಿ, ಕಿತ್ತಳೆ, ನೀಲಿ ಹಸಿರು ಬಣ್ಣ ಹಿಡಿದ ಕೋಶಗಳು ಸಾವಿರ ಸಾವಿರವಾಗಿ ಕಣ್ಣ ಮುಂದೆ ಹಾದುಹೋಗುತ್ತವೆ. ಒಂದೆಡೆ ಕೈ ತಟ್ಟನೆ ನಿಲ್ಲುತ್ತದೆ, ಮಸೂರ ಬದಲಾಗುತ್ತದೆ. ಒಂದು ಕೋಶದ ಕೇಂದ್ರ ಇರಬೇಕಾದ್ದಕ್ಕಿಂತ ದೊಡ್ಡದಾಗಿ, ಕಪ್ಪಾಗಿ ಕಾಣುತ್ತಿದೆ. ಅದರ ಪಕ್ಕಕ್ಕೆ ಪೆನ್ನಿನಿಂದ ಒಂದು ಸಣ್ಣ ಚುಕ್ಕೆ. ಸ್ಲೈಡ್ ಮತ್ತೆ ಸರಿಯತೊಡಗುತ್ತದೆ.

ಗರ್ಭಕಂಠದ ಕ್ಯಾನ್ಸರ್ ಪತ್ತೆಯ ಪ್ಯಾಪ್ ಪರೀಕ್ಷೆಗೆ ಕೊಟ್ಟ ಮಾದರಿಯಾಗಲಿ, ಕುತ್ತಿಗೆಯ ಗಂಟಿಗೆ ಸೂಜಿ ಚುಚ್ಚಿ ತೆಗೆದ ಹನಿಯಾಗಲಿ ಲ್ಯಾಬಿಗೆ ಹೋಗುತ್ತದೆ, ಕೆಲವು ದಿನಗಳಲ್ಲಿ ವರದಿ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ನಡುವೆ ಆ ಸ್ಲೈಡನ್ನು ಮೊದಲು ಓದುವವರು ಯಾರು, ಆ ಓದನ್ನು ಎಲ್ಲಿ ಕಲಿಯುತ್ತಾರೆ ಎಂಬುದು ಹೆಚ್ಚಿನವರಿಗೆ ತಿಳಿಯದು. ಆ ವಿದ್ಯೆಯೇ ಸೈಟೋಟೆಕ್ನಾಲಜಿ.

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಕನ್ನಡ ಮನೆಗಳಲ್ಲಿ ಹನ್ನೆರಡನೆಯ ತರಗತಿಯ ಫಲಿತಾಂಶ ಬಂದೊಡನೆ ಮುಂದೇನು ಎಂಬ ಮಾತು ಏಳುತ್ತದೆ. ಜೀವಶಾಸ್ತ್ರ ಓದಿ ಡಾಕ್ಟರ್ ಸೀಟು ಸಿಗದ ಮಕ್ಕಳಿಗೆ ಫಾರ್ಮಸಿ, ನರ್ಸಿಂಗ್, ಫಿಸಿಯೋಥೆರಪಿ ಎಂದು ಹೆಸರುಗಳು ಬರುತ್ತವೆ. ಸೈಟೋಟೆಕ್ನಾಲಜಿಯ ಹೆಸರು ಬರುವುದು ಅಪರೂಪ. ಕ್ಯಾನ್ಸರ್ ಚಿಕಿತ್ಸೆಗೆ ದೇಶದಲ್ಲೇ ಹೆಸರಾದ ಆಸ್ಪತ್ರೆಯಿರುವ ಮಹಾನಗರದ ಪಕ್ಕದಲ್ಲೇ ಬದುಕುವವರಿಗೆ ಆ ಹೆಸರು ಗೊತ್ತಿರಬೇಕು.

ವೈದ್ಯರಿಗಿಂತ ಮೊದಲು

ದೇಹದಿಂದ ತಾನಾಗಿ ಉದುರಿದ, ಕೆರೆದು ತೆಗೆದ ಅಥವಾ ಸೂಜಿಯಿಂದ ಹೀರಿದ ಬಿಡಿ ಕೋಶಗಳನ್ನು ನೋಡಿ ರೋಗ ಪತ್ತೆಹಚ್ಚುವ ಶಾಸ್ತ್ರ ಸೈಟಾಲಜಿ. ಬಯಾಪ್ಸಿಯಲ್ಲಿ ಅಂಗದ ಒಂದು ತುಣುಕನ್ನೇ ತೆಗೆದು, ಮೇಣದಲ್ಲಿ ಹುದುಗಿಸಿ, ತೆಳುವಾಗಿ ಸೀಳಿ ನೋಡುತ್ತಾರೆ. ಇಲ್ಲಿ ತುಣುಕು ಬೇಕಿಲ್ಲ. ಹಾಗಾಗಿ ನೋವು ಕಡಿಮೆ, ಖರ್ಚು ಕಡಿಮೆ, ಹೊಲಿಗೆ ಇಲ್ಲ, ಉತ್ತರವೂ ಬೇಗ. ಆದರೆ ಅಂಗಾಂಶದ ಕಟ್ಟಡ ಕಾಣುವುದಿಲ್ಲ. ಒಂದೊಂದು ಕೋಶದ ಮುಖ ನೋಡಿಯೇ ತೀರ್ಮಾನಕ್ಕೆ ಬರಬೇಕು. ಕಷ್ಟವಿರುವುದು ಅಲ್ಲಿ.

ಗರ್ಭಕಂಠದ ಮಾದರಿಯೊಂದೇ ಅಲ್ಲ, ಕಫ, ಮೂತ್ರ, ಎದೆಯಲ್ಲಿ ಹೊಟ್ಟೆಯಲ್ಲಿ ತುಂಬಿಕೊಂಡ ನೀರು, ಬೆನ್ನುಹುರಿಯ ದ್ರವ, ಥೈರಾಯ್ಡ್, ಸ್ತನ, ಜೊಲ್ಲುಗ್ರಂಥಿ, ಕಂಕುಳಿನ ಮತ್ತು ಕುತ್ತಿಗೆಯ ಗಂಟುಗಳು ಎಲ್ಲವೂ ಈ ಮೇಜಿಗೆ ಬರುತ್ತವೆ. ಮಾದರಿಯನ್ನು ಹೆಸರಿಗೆ ಹೆಸರು ತಾಳೆ ನೋಡಿ ಸ್ವೀಕರಿಸುವುದು, ಸ್ಲೈಡ್ ತಯಾರಿಸುವುದು, ಬಣ್ಣ ಹಾಕುವುದು, ಅಂಚಿನಿಂದ ಅಂಚಿಗೆ ಓದುವುದು, ಅನುಮಾನದ ಕೋಶಗಳನ್ನು ಗುರುತಿಸಿ ಮೊದಲ ಅಭಿಪ್ರಾಯ ಬರೆಯುವುದು ಸೈಟೋಟೆಕ್ನಾಲಜಿಸ್ಟ್‌ನ ಕೆಲಸ. ರೋಗ ಇದೇ ಎಂದು ಕೊನೆಯ ಮಾತು ಹೇಳಿ ಸಹಿ ಹಾಕುವುದು ಪೆಥಾಲಜಿಸ್ಟ್. ಅಮೆರಿಕದಂತಹ ದೇಶಗಳಲ್ಲಿ ದೋಷವಿಲ್ಲದ ಪ್ಯಾಪ್ ಸ್ಲೈಡಿನ ವರದಿಯನ್ನು ಸೈಟೋಟೆಕ್ನಾಲಜಿಸ್ಟ್‌ಗಳೇ ಕೊಡುತ್ತಾರೆ. ಭಾರತದಲ್ಲಿ ಸಹಿ ವೈದ್ಯರದೇ.

ಸಹಿ ಯಾರದ್ದಾದರೂ ಮೊದಲ ನೋಟದ ಭಾರ ಕಡಿಮೆಯಾಗುವುದಿಲ್ಲ. ಚುಕ್ಕೆ ಇಟ್ಟ ಕೋಶವನ್ನು ವೈದ್ಯರು ಮತ್ತೆ ಮತ್ತೆ ನೋಡುತ್ತಾರೆ. ಚುಕ್ಕೆ ಬೀಳದ ಕೋಶಕ್ಕೆ ಎರಡನೆಯ ನೋಟ ಸಿಗದೆಯೂ ಹೋಗಬಹುದು.

ಪಾಪಾನಿಕೊಲಾವ್‌ನಿಂದ ಪರೇಲ್‌ವರೆಗೆ

ಪ್ಯಾಪ್ ಪರೀಕ್ಷೆಗೆ ಹೆಸರು ಕೊಟ್ಟ ಜಾರ್ಜ್ ಪಾಪಾನಿಕೊಲಾವ್ 1883ರಲ್ಲಿ ಗ್ರೀಸಿನಲ್ಲಿ ಹುಟ್ಟಿ ನ್ಯೂಯಾರ್ಕಿನ ಕಾರ್ನೆಲ್ ವೈದ್ಯಕೀಯ ಕಾಲೇಜಿನಲ್ಲಿ ದುಡಿದವರು. ಅವರ ಪತ್ನಿ ಆಂಡ್ರೊಮಾಖಿ ಅದೇ ಲ್ಯಾಬಿನಲ್ಲಿ ಕೆಲಸ ಮಾಡುತ್ತ ವರ್ಷಗಟ್ಟಲೆ ತಮ್ಮದೇ ಮಾದರಿ ಕೊಟ್ಟರು. ಸಹಜ ಕೋಶ ಹೇಗಿರುತ್ತದೆ ಎಂಬ ಮೊದಲ ಪಾಠ ಸಿಕ್ಕಿದ್ದು ಆ ಸ್ಲೈಡುಗಳಿಂದ. ಕೆರೆದು ತೆಗೆದ ಕೋಶದಲ್ಲಿ ಕ್ಯಾನ್ಸರ್ ಕಾಣುತ್ತದೆ ಎಂದು ಪಾಪಾನಿಕೊಲಾವ್ 1928ರಲ್ಲಿ ಹೇಳಿದಾಗ ವೈದ್ಯರು ಹೆಚ್ಚು ಕಿವಿಗೊಡಲಿಲ್ಲ. ಆಸುಪಾಸಿನಲ್ಲೇ ರೊಮೇನಿಯಾದ ಔರೆಲ್ ಬಾಬೆಶ್ ಕೂಡ ಇಂಥದ್ದೇ ಪದ್ಧತಿ ಪ್ರಕಟಿಸಿದ್ದರು. ಹರ್ಬರ್ಟ್ ಟ್ರಾಟ್ ಜತೆ ಪಾಪಾನಿಕೊಲಾವ್ ಬರೆದ 1941ರ ಲೇಖನ, 1943ರ ಪುಸ್ತಕ ಬಂದ ಮೇಲೆ ಅಭಿಪ್ರಾಯ ಬದಲಾಯಿತು.

ಪರೀಕ್ಷೆ ಹಬ್ಬಿದಂತೆ ಸ್ಲೈಡುಗಳು ಲಕ್ಷಗಟ್ಟಲೆ ಬರತೊಡಗಿದವು. ಅಷ್ಟನ್ನೂ ವೈದ್ಯರೇ ಕೂತು ನೋಡುವುದು ಆಗದ ಮಾತು. ವೈದ್ಯರಲ್ಲದ, ಆದರೆ ಈ ಒಂದೇ ಕೆಲಸದಲ್ಲಿ ಪಳಗಿದ ಕಣ್ಣು ಬೇಕಾಯಿತು. ಸೈಟೋಟೆಕ್ನಾಲಜಿಸ್ಟ್ ಎಂಬ ವೃತ್ತಿ ಹುಟ್ಟಿದ್ದು ಆ ಅಗತ್ಯದಿಂದ.

ಎರಡನೆಯ ತಿರುವು ಸ್ವೀಡನ್ನಿನ ಕರೋಲಿನ್‌ಸ್ಕಾದಿಂದ ಬಂತು. ಸಣ್ಣ ಸೂಜಿಯಿಂದ ಗಂಟಿನ ಕೋಶ ಹೀರಿ ನೋಡುವ ವಿಧಾನವನ್ನು 1950-60ರ ದಶಕಗಳಲ್ಲಿ ಅಲ್ಲಿನವರು ಬೆಳೆಸಿದರು. ಇಂದು ಆಸ್ಪತ್ರೆಗಳಲ್ಲಿ ಎಫ್‌ಎನ್‌ಎಸಿ ಎಂದು ಬರೆದುಕೊಡುವ ಪರೀಕ್ಷೆ ಇದೇ. ಭಾರತಕ್ಕೆ ಇದು ಪ್ಯಾಪ್‌ಗಿಂತಲೂ ಹೆಚ್ಚು ಒಗ್ಗಿತು. ಕುತ್ತಿಗೆಯ ಗಂಟು ಕ್ಯಾನ್ಸರೋ ಕ್ಷಯವೋ ಎಂಬ ಪ್ರಶ್ನೆ ಇಲ್ಲಿನ ವೈದ್ಯರಿಗೆ ದಿನನಿತ್ಯದ್ದು. ಕತ್ತಿ ಹಿಡಿಯದೆ ಆ ಪ್ರಶ್ನೆಗೆ ಉತ್ತರ ಕೊಡಬಲ್ಲ ಪರೀಕ್ಷೆಗೆ ಬೇಡಿಕೆ ಬರುವುದು ಸಹಜ.

ಮುಂಬಯಿಯಲ್ಲಿ ಕ್ಯಾನ್ಸರ್ ಅಧ್ಯಯನದ ನೆಲೆ ಹಳೆಯದು. ಪರೇಲ್‌ನ ಟಾಟಾ ಮೆಮೋರಿಯಲ್ ಆಸ್ಪತ್ರೆ 1941ರಲ್ಲಿ ತೆರೆಯಿತು. ಅಲ್ಲಿನ ಪೆಥಾಲಜಿಯನ್ನು ಕಟ್ಟಿದವರು ಡಾ. ವಿ. ಆರ್. ಖಾನೋಲ್ಕರ್. 1952ರಲ್ಲಿ ಆರಂಭವಾದ ಇಂಡಿಯನ್ ಕ್ಯಾನ್ಸರ್ ರಿಸರ್ಚ್ ಸೆಂಟರ್‌ಗೂ ಅವರೇ ಮೊದಲ ನಿರ್ದೇಶಕರು. ಆ ಸಂಸ್ಥೆಯೇ ಬೆಳೆದು 2002ರಲ್ಲಿ ನವಿ ಮುಂಬಯಿಯ ಖಾರ್‌ಘರ್‌ಗೆ ಬಂದು ಆ್ಯಕ್ಟ್ರೆಕ್ ಎಂಬ ಕ್ಯಾನ್ಸರ್ ಕೇಂದ್ರವಾಯಿತು. ದೇಶದ ಸೈಟಾಲಜಿ ತಜ್ಞರ ಸಂಘಟನೆಯಾದ ಇಂಡಿಯನ್ ಅಕಾಡೆಮಿ ಆಫ್ ಸೈಟಾಲಜಿಸ್ಟ್ಸ್ 1970ರಲ್ಲಿ ಸ್ಥಾಪನೆಯಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1979ರಲ್ಲಿ ದಿಲ್ಲಿಯಲ್ಲಿ ತೆರೆದ ಸೈಟಾಲಜಿ ಸಂಶೋಧನಾ ಕೇಂದ್ರವನ್ನು ಡಾ. ಉಷಾ ಕೆ. ಲೂತ್ರಾ ಕಟ್ಟಿ ಬೆಳೆಸಿದರು.

ಬಣ್ಣದ ಪಾಠ

ಪದವಿ ಸಾಮಾನ್ಯವಾಗಿ ಮೂರು ವರ್ಷ ಓದು, ನಂತರ ಒಂದು ವರ್ಷ ಇಂಟರ್ನ್‌ಷಿಪ್. ಸೇರಲು ಹನ್ನೆರಡನೆಯ ತರಗತಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಇರಬೇಕು. ಮೊದಲ ವರ್ಷ ಅಂಗರಚನೆ, ಶರೀರಕ್ರಿಯೆ, ಜೀವರಸಾಯನ, ಸೂಕ್ಷ್ಮಾಣುಶಾಸ್ತ್ರ. ಲ್ಯಾಬ್ ಸೇರುವ ಎಲ್ಲರಿಗೂ ಇದು ಒಂದೇ. ಎರಡನೆಯ ವರ್ಷದಿಂದ ರೋಗಶಾಸ್ತ್ರ, ರಕ್ತ, ಅಂಗಾಂಶ ಸಂಸ್ಕರಣೆ ಬರುತ್ತವೆ. ಮೂರನೆಯ ವರ್ಷಕ್ಕೆ ಸೈಟಾಲಜಿಯ ಒಳಗೆ ಹೋಗುವುದು: ಗರ್ಭಕಂಠದ ಕೋಶಗಳು ಒಂದು ಭಾಗ, ಉಳಿದ ಅಂಗಗಳದ್ದು ಇನ್ನೊಂದು, ಸೂಜಿ ಪರೀಕ್ಷೆ ಮತ್ತೊಂದು.

ಎಲ್ಲಕ್ಕಿಂತ ಮೊದಲು ಕೈಗೆ ಬರಬೇಕಾದ್ದು ಬಣ್ಣ ಹಾಕುವ ಕೆಲಸ. ಪ್ಯಾಪ್ ಮಾದರಿಯನ್ನು ಸ್ಲೈಡಿನ ಮೇಲೆ ಸವರಿದ ಕೂಡಲೇ, ಸೆಕೆಂಡುಗಳಲ್ಲಿ, ಶೇ 95ರ ಆಲ್ಕೋಹಾಲಿಗೆ ಹಾಕಬೇಕು. ಗಾಳಿಗೆ ಒಣಗಿದರೆ ಕೋಶಗಳು ಅಗಲವಾಗಿ ಹರಡಿಕೊಳ್ಳುತ್ತವೆ, ಕೇಂದ್ರದ ವಿವರ ಮಸುಕಾಗುತ್ತದೆ, ಇಲ್ಲದ ರೋಗ ಇದ್ದಂತೆ ಕಂಡುಬಿಡುತ್ತದೆ. ಆಲ್ಕೋಹಾಲಿನಲ್ಲಿ ಕನಿಷ್ಠ ಹದಿನೈದು ನಿಮಿಷ ನಿಂತ ಸ್ಲೈಡು ನೀರಿಗೆ ಇಳಿದು ಹೆಮಟಾಕ್ಸಿಲಿನ್ ದ್ರಾವಣಕ್ಕೆ ಹೋಗುತ್ತದೆ. ಕೋಶಕೇಂದ್ರ ಕಡುನೀಲಿಯಾಗುವುದು ಅದರಿಂದ. ಮತ್ತೆ ಆಲ್ಕೋಹಾಲು, ಆಮೇಲೆ ಆರೆಂಜ್ ಜಿ, ಕೊನೆಗೆ ಇಎ ಎಂಬ ಮಿಶ್ರ ಬಣ್ಣ. ಮೇಲ್ಪದರದ ಬಲಿತ ಕೋಶ ಗುಲಾಬಿಯಾಗಿ, ಅದರ ಕೆಳಗಿನದು ನೀಲಿ ಹಸಿರಾಗಿ ಬೇರೆಬೇರೆ ತೋರುವುದು ಈ ಇಎಯ ಕೆಲಸ. ಕಡೆಗೆ ಕ್ಸೈಲೀನ್, ಅಂಟು, ಮೇಲೊಂದು ತೆಳುಗಾಜು.

ಸೂಜಿ ಪರೀಕ್ಷೆಯ ಸ್ಲೈಡಿಗೆ ಇನ್ನೊಂದು ಕ್ರಮವಿದೆ. ಒಂದು ಸ್ಲೈಡನ್ನು ಆಲ್ಕೋಹಾಲಿಗೆ ಹಾಕಿದರೆ ಇನ್ನೊಂದನ್ನು ಬೇಕೆಂದೇ ಗಾಳಿಗೆ ಒಣಗಿಸಿ ಗೀಮ್ಸಾ ಬಣ್ಣ ಹಾಕುತ್ತಾರೆ. ಕೇಂದ್ರದ ವಿವರ ಮೊದಲನೆಯದರಲ್ಲಿ ಚೆನ್ನಾಗಿ ಕಂಡರೆ ಕೋಶದ ಮೈ, ಸುತ್ತಲಿನ ಲೋಳೆ ಎರಡನೆಯದರಲ್ಲಿ ಎದ್ದು ಕಾಣುತ್ತವೆ. ಗಂಟಿನಿಂದ ಕೀವಿನಂತಹ ದ್ರವ ಬಂದರೆ ಮೂರನೆಯ ಸ್ಲೈಡೊಂದನ್ನು ಕ್ಷಯದ ಬ್ಯಾಕ್ಟೀರಿಯಾ ತೋರಿಸುವ ಜೀಲ್-ನೀಲ್ಸನ್ ಬಣ್ಣಕ್ಕೆ ಎತ್ತಿಡುತ್ತಾರೆ. ಯಾವ ಹನಿ ಯಾವ ಬಣ್ಣಕ್ಕೆ ಎಂಬ ನಿರ್ಧಾರ ರೋಗಿಯ ಪಕ್ಕದಲ್ಲಿ ನಿಂತಿರುವಾಗಲೇ ಆಗಬೇಕು. ಹನಿ ಮತ್ತೆ ಸಿಗುವುದಿಲ್ಲ, ಮತ್ತೆ ಚುಚ್ಚಬೇಕಾಗುತ್ತದೆ.

ಈ ಭಾಗವನ್ನು ಕೂಲಿಕೆಲಸ ಎಂದು ಹಗುರವಾಗಿ ನೋಡುವ ವಿದ್ಯಾರ್ಥಿಗಳು ಮುಂದೆ ಓದುವುದರಲ್ಲೂ ಹಿಂದೆ ಬೀಳುತ್ತಾರೆ. ಕೆಟ್ಟ ಬಣ್ಣದ ಸ್ಲೈಡನ್ನು ಎಷ್ಟು ಒಳ್ಳೆಯ ಕಣ್ಣೂ ಓದಲಾರದು.

ಕಣ್ಣು ಪಳಗುವ ಬಗೆ

ಓದಲು ಯೋಗ್ಯವೇ ಎಂಬುದು ಸ್ಲೈಡಿಗೆ ಹಾಕುವ ಮೊದಲ ಪ್ರಶ್ನೆ. ಬೆಥೆಸ್ಡಾ ಪದ್ಧತಿ ಇದಕ್ಕೆ ಅಳತೆ ಹೇಳುತ್ತದೆ. ಸಾಮಾನ್ಯ ಪ್ಯಾಪ್ ಸ್ಲೈಡಿನಲ್ಲಿ ಚೆನ್ನಾಗಿ ಉಳಿದ 8,000ದಿಂದ 12,000 ಚಪ್ಪಟೆ ಕೋಶಗಳಾದರೂ ಇರಬೇಕು. ಮಾದರಿಯನ್ನು ದ್ರವದಲ್ಲಿ ಹಾಕಿ ತಯಾರಿಸುವ ಹೊಸ ವಿಧಾನದಲ್ಲಿ 5,000 ಸಾಕು. ಅಷ್ಟಿಲ್ಲದಿದ್ದರೆ ರೋಗವಿಲ್ಲ ಎಂದು ಬರೆಯುವಂತಿಲ್ಲ, ಮತ್ತೆ ಮಾದರಿ ಕೇಳಬೇಕು. ಪ್ಯಾಪ್ ವರದಿಗಳಿಗೆ ಒಂದೇ ಭಾಷೆ ಇರಲೆಂದು 1988ರಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿ ಸಭೆ ಸೇರಿ ರೂಪಿಸಿದ ಈ ಪದ್ಧತಿಯನ್ನು 1991, 2001 ಮತ್ತು 2014ರಲ್ಲಿ ತಿದ್ದಿದ್ದಾರೆ. ಇಂದು ಇದೇ ವಿದ್ಯಾರ್ಥಿಗಳ ಬಾಯಿಪಾಠ.

ಓದು ಶುರುವಾಗುವುದು ಸಹಜ ಕೋಶದಿಂದ. ಗರ್ಭಕಂಠದ ಮಧ್ಯಪದರದ ಕೋಶವೊಂದರ ಕೇಂದ್ರ ಸುಮಾರು 35 ಚದರ ಮೈಕ್ರಾನ್ ಇರುತ್ತದೆ. ವಿದ್ಯಾರ್ಥಿಯ ಅಳತೆಗೋಲು ಅದು. ಎರಡೂವರೆಯಿಂದ ಮೂರು ಪಟ್ಟು ಹಿಗ್ಗಿದ ಕೇಂದ್ರ ಕಂಡರೆ ಅನುಮಾನ. ಮೂರು ಪಟ್ಟನ್ನೂ ಮೀರಿ, ಬಣ್ಣ ಗಾಢವಾಗಿ, ಅಂಚು ಸೊಟ್ಟಾಗಿದ್ದರೆ ಕೆಳದರ್ಜೆಯ ಬದಲಾವಣೆ. ಪಾಪಿಲೋಮಾ ವೈರಸ್ ಹೊಕ್ಕ ಕೋಶದಲ್ಲಿ ಕೇಂದ್ರದ ಸುತ್ತ ಖಾಲಿ ಬಿಳಿ ಆವರಣವೂ ಕಾಣುತ್ತದೆ.

ಹೊಸಬರು ಎಡವುವುದು ಇದರ ಮುಂದಿನ ಹಂತದಲ್ಲಿ. ರೋಗ ಬಲಿತಷ್ಟೂ ಕೋಶ ದೊಡ್ಡದಾಗುತ್ತದೆ ಎಂದು ಯಾರಾದರೂ ಎಣಿಸುತ್ತಾರೆ. ಆಗುವುದು ಉಲ್ಟಾ. ಮೇಲ್ದರ್ಜೆಯ ಬದಲಾವಣೆಯ ಕೋಶಗಳು ಹೆಚ್ಚಾಗಿ ಚಿಕ್ಕವು. ಕೋಶದ ಮೈ ಕುಗ್ಗಿ, ಒಣದ್ರಾಕ್ಷಿಯಂತೆ ಸುಕ್ಕುಗಟ್ಟಿದ ಕಪ್ಪು ಕೇಂದ್ರವೇ ಅದನ್ನೆಲ್ಲ ತುಂಬಿಕೊಂಡಿರುತ್ತದೆ. ಇಂಥವು ಬಿಡಿಬಿಡಿಯಾಗಿ, ಲೋಳೆಯ ಎಳೆಯಲ್ಲಿ ಸಿಕ್ಕಿಕೊಂಡು, ಬಿಳಿರಕ್ತಕಣಗಳ ನಡುವೆ ಅಡಗಿರುತ್ತವೆ. ಎದ್ದು ಕಾಣುವ ದೊಡ್ಡ ಕೋಶಗಳ ಮೇಲೆ ಕಣ್ಣು ನೆಟ್ಟವರು ಅಪಾಯದ ಸಣ್ಣ ಕೋಶಗಳನ್ನು ದಾಟಿಹೋಗುತ್ತಾರೆ.

ಮೋಸಗೊಳಿಸುವ ಕೋಶಗಳ ಪಟ್ಟಿಯೂ ಉದ್ದವಾಗಿದೆ. ಮುಟ್ಟು ನಿಂತ ಹೆಂಗಸರಲ್ಲಿ ಒಳಪದರದ ಕೋಶಗಳೇ ಮೇಲೆ ಬರುತ್ತವೆ, ಕ್ಯಾನ್ಸರಿನ ಕೋಶದಂತೆ ಕಾಣುತ್ತವೆ. ಗಾಯ ಮಾಯುವಾಗಿನ ಕೋಶಗಳಿಗೆ ದೊಡ್ಡ ಕೇಂದ್ರವಿರುತ್ತದೆ. ಗರ್ಭಕೋಶದಲ್ಲಿ ಕಾಪರ್-ಟಿ ಇದ್ದರೆ ಬೇರೆಯೇ ಬದಲಾವಣೆಗಳು. ಹೀಗಾಗಿ ರೋಗಿಯ ವಯಸ್ಸು, ಕೊನೆಯ ಮುಟ್ಟಿನ ದಿನ, ಹಿಂದಿನ ಚಿಕಿತ್ಸೆ ಬರೆಯದ ಚೀಟಿಯೊಂದಿಗೆ ಬಂದ ಸ್ಲೈಡ್ ಅರ್ಧ ಮಾಹಿತಿಯ ಸ್ಲೈಡ್. ಈ ವಿವರವನ್ನು ಕೇಳಿ ಪಡೆಯುವುದೂ ತರಬೇತಿಯ ಭಾಗ.

ಕ್ಯಾನ್ಸರ್ ಅಲ್ಲದ್ದೂ ಕಾಣುತ್ತದೆ. ಪೇರು ಹಣ್ಣಿನ ಆಕಾರದ ಟ್ರೈಕೊಮೊನಾಸ್, ಉದ್ದನೆಯ ಎಳೆ ಬಿಟ್ಟ ಕ್ಯಾಂಡಿಡಾ ಶಿಲೀಂಧ್ರ, ಬ್ಯಾಕ್ಟೀರಿಯಾ ಮುತ್ತಿಕೊಂಡ ಕೋಶಗಳು. ಔಷಧಿಯಿಂದ ವಾಸಿಯಾಗುವ ಈ ಸೋಂಕುಗಳನ್ನು ಹೇಳಿದರೂ ಒಬ್ಬ ಹೆಂಗಸಿನ ಎಷ್ಟೋ ದಿನದ ತೊಂದರೆ ತಪ್ಪುತ್ತದೆ.

ಇದೆಲ್ಲ ಪುಸ್ತಕ ಓದಿ ಬರುವುದಲ್ಲ. ಗುರು ಮತ್ತು ವಿದ್ಯಾರ್ಥಿಗಳು ಒಂದೇ ಸ್ಲೈಡನ್ನು ಒಟ್ಟಿಗೆ ನೋಡಲು ಹಲವು ನೇತ್ರಮಸೂರಗಳ ಮೈಕ್ರೋಸ್ಕೋಪ್ ಇರುತ್ತದೆ. ಅದರ ಸುತ್ತ ಕೂತು, ವಿದ್ಯಾರ್ಥಿ ಮೊದಲು ಅಭಿಪ್ರಾಯ ಹೇಳಿ, ಗುರು ಆಮೇಲೆ ತಿದ್ದುತ್ತ, ಹಳೆಯ ಸ್ಲೈಡುಗಳ ಕಪಾಟನ್ನು ಖಾಲಿ ಮಾಡುತ್ತ ಹೋಗಬೇಕು. ಆ ಸ್ಲೈಡಿನ ರೋಗಿಗೆ ನಂತರ ಬಯಾಪ್ಸಿಯಲ್ಲಿ ಏನು ಬಂತು ಎಂದು ತಾಳೆ ನೋಡಿದಾಗಲೇ ಪಾಠ ಪೂರ್ಣ.

ಠಾಣೆಯ ವಿದ್ಯಾರ್ಥಿಗೆ ದಾರಿ

ಸೈಟೋಟೆಕ್ನಾಲಜಿ ಎಂಬ ಹೆಸರಿನಲ್ಲೇ ಪದವಿ ಕೊಡುವ ಕಾಲೇಜುಗಳು ದೇಶದಲ್ಲಿ ಬಹಳವಿಲ್ಲ. ಹೆಚ್ಚಿನವರು ಹಿಡಿಯುವ ದಾರಿ ಎರಡು ಹಂತದ್ದು. ಮೊದಲು ಮೆಡಿಕಲ್ ಲ್ಯಾಬೊರೇಟರಿ ಟೆಕ್ನಾಲಜಿಯಲ್ಲಿ, ಅಂದರೆ ಎಂಎಲ್‌ಟಿಯಲ್ಲಿ, ಬಿಎಸ್ಸಿ. ಆಮೇಲೆ ದೊಡ್ಡ ಆಸ್ಪತ್ರೆಯ ಸೈಟಾಲಜಿ ವಿಭಾಗದಲ್ಲಿ ತರಬೇತಿ ಮತ್ತು ಇಂಡಿಯನ್ ಅಕಾಡೆಮಿ ಆಫ್ ಸೈಟಾಲಜಿಸ್ಟ್ಸ್ ನಡೆಸುವ ಪರೀಕ್ಷೆ. ಆ ಪರೀಕ್ಷೆಗೆ ಸೈಟೋಟೆಕ್ನಿಶಿಯನ್, ಸೈಟೋಟೆಕ್ನಾಲಜಿಸ್ಟ್ ಎಂದು ಎರಡು ಮಟ್ಟ. ಕೆಲಸ ಕೊಡುವ ಲ್ಯಾಬುಗಳಲ್ಲಿ ಈ ಪ್ರಮಾಣಪತ್ರಕ್ಕೆ ಬೆಲೆಯಿದೆ.

ಮಹಾರಾಷ್ಟ್ರದಲ್ಲಿ ನಾಶಿಕದ ಮಹಾರಾಷ್ಟ್ರ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯದಡಿ ಬಿಪಿಎಂಟಿ ಎಂಬ ಪ್ಯಾರಾಮೆಡಿಕಲ್ ಪದವಿಯಿದೆ, ಅದರಲ್ಲಿ ಲ್ಯಾಬ್ ಟೆಕ್ನಿಶಿಯನ್ ಒಂದು ಶಾಖೆ. ನವಿ ಮುಂಬಯಿಯಲ್ಲಿ ಕಾಮೋಠೆಯ ಎಂಜಿಎಂ ಮತ್ತು ನೆರೂಳಿನ ಡಿ.ವೈ. ಪಾಟೀಲ್ ಎರಡೂ ಸ್ವಂತ ಆಸ್ಪತ್ರೆ ಹೊಂದಿದ ಡೀಮ್ಡ್ ವಿಶ್ವವಿದ್ಯಾಲಯಗಳು, ಎಂಎಲ್‌ಟಿ ಪದವಿ ಅಲ್ಲಿ ಕಲಿಯಬಹುದು. ಠಾಣೆಯ ಜನ ಹೆಚ್ಚಾಗಿ ಹೋಗುವ ಕಳ್ವಾದ ಛತ್ರಪತಿ ಶಿವಾಜಿ ಮಹಾರಾಜ್ ಆಸ್ಪತ್ರೆ ಮಹಾನಗರಪಾಲಿಕೆಯದು, ಅದಕ್ಕೆ ಅಂಟಿಕೊಂಡೇ ರಾಜೀವ್ ಗಾಂಧಿ ವೈದ್ಯಕೀಯ ಕಾಲೇಜು ಇದೆ.

ಈ ಪಟ್ಟಣಗಳ ಮಕ್ಕಳಿಗೆ ಓಡಾಟ ದೊಡ್ಡ ತೊಡಕಲ್ಲ. ಡೊಂಬಿವಲಿ, ಕಲ್ಯಾಣದಿಂದ ಠಾಣೆಗೆ ಬಂದು ಟ್ರಾನ್ಸ್ ಹಾರ್ಬರ್ ಲೋಕಲ್ ಹಿಡಿದರೆ ತುರ್ಭೆ, ನೆರೂಳ್, ಖಾರ್‌ಘರ್ ಎಲ್ಲ ಅದೇ ಕಡೆ. ಪರೇಲ್‌ಗೆ ಸೆಂಟ್ರಲ್ ಲೈನ್ ನೇರ. ತರಬೇತಿಗೂ ಮುಂದೆ ಕೆಲಸಕ್ಕೂ ಬೇಕಾದ ಕ್ಯಾನ್ಸರ್ ಆಸ್ಪತ್ರೆಗಳು, ಥೈರೋಕೇರ್‌ನ ಕೇಂದ್ರ ಲ್ಯಾಬಿನಂತಹ ದೊಡ್ಡ ಖಾಸಗಿ ಲ್ಯಾಬುಗಳು ದಿನವೂ ಹೋಗಿಬರುವಷ್ಟು ದೂರದಲ್ಲಿವೆ.

ಊರಿಗೆ ಹೋಗಿ ಓದುವ ಮನಸ್ಸಿದ್ದವರಿಗೆ ಕರ್ನಾಟಕದಲ್ಲೂ ಅನುಕೂಲವಿದೆ. 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯ ಹಲವು ಕಾಲೇಜುಗಳಲ್ಲಿ, ಮಣಿಪಾಲದಲ್ಲಿ ಎಂಎಲ್‌ಟಿ ಪದವಿಯಿದೆ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1973ರಿಂದ ಕ್ಯಾನ್ಸರ್ ರೋಗಿಗಳನ್ನು ನೋಡುತ್ತ ಬಂದಿದೆ. ದೂರದ ಜಿಲ್ಲೆಗಳ ಕಠಿಣ ಪ್ರಕರಣಗಳೆಲ್ಲ ಅಲ್ಲಿಗೆ ಬರುತ್ತವೆ. ಕಲಿಯುವ ಕಣ್ಣಿಗೆ ಇಂಥ ವೈವಿಧ್ಯ ಸಣ್ಣ ಲ್ಯಾಬಿನಲ್ಲಿ ಸಿಗದು.

ಠಾಣೆಯ ಕನ್ನಡ ಮಕ್ಕಳಿಗೆ ಇನ್ನೊಂದು ಬಲವೂ ಇದೆ. ಸೂಜಿ ಪರೀಕ್ಷೆಯ ಕೋಣೆಯಲ್ಲಿ ರೋಗಿಯ ಭಯ ಇಳಿಸಬೇಕು, ಅಲುಗದಂತೆ ಕೂರಿಸಬೇಕು, ಗಂಟು ಎಷ್ಟು ದಿನದ್ದು, ಜ್ವರ ಬರುತ್ತಿತ್ತೇ ಎಂದು ಕೇಳಬೇಕು. ಮನೆಯಲ್ಲಿ ಕನ್ನಡ ಅಥವಾ ತುಳು, ಬೀದಿಯಲ್ಲಿ ಮರಾಠಿ, ರೈಲಿನಲ್ಲಿ ಹಿಂದಿ ಆಡಿ ಬೆಳೆದವರಿಗೆ ಇದು ಕಷ್ಟವಲ್ಲ.

ದಿನಕ್ಕೆ ಎಷ್ಟು ಸ್ಲೈಡ್

ದಣಿದ ಕಣ್ಣು ತಪ್ಪುತ್ತದೆ. ಇದನ್ನು ಜಗತ್ತು ಕಲಿತದ್ದು ದುಬಾರಿ ಬೆಲೆ ತೆತ್ತು. 1987ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯ ವಾಲ್ಟ್ ಬೊಗ್ಡಾನಿಚ್ ಅಮೆರಿಕದ ಪ್ಯಾಪ್ ಲ್ಯಾಬುಗಳ ಸ್ಥಿತಿಯನ್ನು ಬಯಲಿಗೆ ತಂದರು. ಸ್ಲೈಡಿಗಿಷ್ಟು ಎಂದು ಹಣ ಕೊಡುತ್ತಿದ್ದ ಕಡೆ ಕೆಲಸಗಾರರು ಒಂದೇ ದಿನ ಅಳತೆಮೀರಿ ಸ್ಲೈಡು ನೋಡುತ್ತಿದ್ದರು. ಕ್ಯಾನ್ಸರ್ ಇದ್ದ ಹೆಂಗಸರಿಗೂ ಏನೂ ಇಲ್ಲವೆಂಬ ವರದಿ ಹೋಗಿತ್ತು. ಮರುವರ್ಷ ಬೊಗ್ಡಾನಿಚ್ ಅವರ ಬರಹಗಳಿಗೆ ಪುಲಿಟ್ಜರ್ ಬಂತು, ಅದೇ 1988ರಲ್ಲಿ ಅಮೆರಿಕ ಲ್ಯಾಬುಗಳಿಗೆ ಹೊಸ ಕಾನೂನು ಮಾಡಿತು. 24 ಗಂಟೆಯಲ್ಲಿ ಒಬ್ಬರು 100 ಸ್ಲೈಡಿಗಿಂತ ಹೆಚ್ಚು ನೋಡಬಾರದು, ದೋಷವಿಲ್ಲ ಎಂದ ಸ್ಲೈಡುಗಳಲ್ಲಿ ಕನಿಷ್ಠ ಶೇ 10ನ್ನು ಮತ್ತೊಬ್ಬರು ಮರಳಿ ನೋಡಬೇಕು ಎಂಬುದು ಅದರ ನಿಯಮ.

100 ಎಂಬುದು ಮೇಲಿನ ಮಿತಿ, ದಿನದ ಗುರಿ ಅಲ್ಲ. ಕೆಲಸಕ್ಕೆ ಸೇರುವಾಗ ಸಂಬಳದಷ್ಟೇ ಗಟ್ಟಿಯಾಗಿ ಕೇಳಬೇಕಾದ ಪ್ರಶ್ನೆ ಇದು: ದಿನಕ್ಕೆ ಎಷ್ಟು ಸ್ಲೈಡ್, ಮರುನೋಟದ ಏರ್ಪಾಡು ಇದೆಯೇ?

ಪ್ಯಾಪ್ ಹಳ್ಳಿಗೆ ಏಕೆ ಮುಟ್ಟಲಿಲ್ಲ

ಭಾರತದಲ್ಲಿ 2022ರ ಅಂದಾಜಿನಂತೆ ವರ್ಷಕ್ಕೆ 1.27 ಲಕ್ಷ ಹೆಂಗಸರಿಗೆ ಹೊಸದಾಗಿ ಗರ್ಭಕಂಠದ ಕ್ಯಾನ್ಸರ್ ಬರುತ್ತದೆ, ಸುಮಾರು 80 ಸಾವಿರ ಮಂದಿ ಸಾಯುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವರ್ಷದ ಹೆಂಗಸರ ಪೈಕಿ ಎಂದಾದರೂ ಇದರ ತಪಾಸಣೆ ಮಾಡಿಸಿಕೊಂಡವರು ಶೇ 1.9 ಮಾತ್ರ. ಶ್ರೀಮಂತ ದೇಶಗಳಲ್ಲಿ ಸಾವು ತಗ್ಗಿಸಿದ ಪ್ಯಾಪ್ ಇಲ್ಲಿ ಅಷ್ಟು ಫಲ ಕೊಡದಿರಲು ಒಂದು ಮುಖ್ಯ ಕಾರಣ ಪಳಗಿದ ಕಣ್ಣುಗಳ ಕೊರತೆ.

ಪ್ಯಾಪ್‌ಗೆ ಪರ್ಯಾಯ ಹುಡುಕಿದ ಎರಡು ದೊಡ್ಡ ಅಧ್ಯಯನಗಳು ನಡೆದದ್ದು ಮಹಾರಾಷ್ಟ್ರದಲ್ಲೇ. 1998ರಿಂದ ಟಾಟಾ ಮೆಮೋರಿಯಲ್ ಆಸ್ಪತ್ರೆ ಮುಂಬಯಿಯ ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಸೇರಿಸಿ ಒಂದು ಪ್ರಯೋಗ ಮಾಡಿತು. ಕೆಲವೇ ವಾರ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಗರ್ಭಕಂಠಕ್ಕೆ ಅಸಿಟಿಕ್ ಆಮ್ಲ ಸವರಿ ಬರಿಗಣ್ಣಿನಿಂದ ನೋಡಿದರು, ಸಾವು ಶೇ 31ರಷ್ಟು ತಗ್ಗಿತು. ಕರ್ನಾಟಕದ ಗಡಿಗೆ ಸಮೀಪದ ಆಗಿನ ಉಸ್ಮಾನಾಬಾದ್ ಜಿಲ್ಲೆಯಲ್ಲಿ 1,31,746 ಹೆಂಗಸರನ್ನು ಸೇರಿಸಿಕೊಂಡ ಇನ್ನೊಂದು ಅಧ್ಯಯನದ ಫಲಿತಾಂಶ 2009ರಲ್ಲಿ ಬಂತು. ಈ ಕ್ಯಾನ್ಸರಿಗೆ ಕಾರಣವಾಗುವ ಪಾಪಿಲೋಮಾ ವೈರಸ್ ಇದೆಯೇ ಎಂದು ನೋಡುವ ಎಚ್‌ಪಿವಿ ಪರೀಕ್ಷೆ ಒಂದೇ ಸಲ ಮಾಡಿದರೂ ಸಾವು ಕಡಿಮೆಯಾಯಿತು, ಒಂದೇ ಸಲದ ಪ್ಯಾಪ್‌ನಿಂದ ಅಂಥ ಸ್ಪಷ್ಟ ಲಾಭ ಕಾಣಲಿಲ್ಲ. 2016ರ ಕೇಂದ್ರ ಮಾರ್ಗಸೂಚಿ 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ಅಸಿಟಿಕ್ ಆಮ್ಲದ ತಪಾಸಣೆಯನ್ನೇ ಆರಿಸಿಕೊಂಡಿತು. ಅದನ್ನು ಕಲಿಸಲು ವಾರಗಳು ಸಾಕು, ಸೈಟೋಟೆಕ್ನಾಲಜಿಸ್ಟ್ ತಯಾರಾಗಲು ವರ್ಷಗಳು ಬೇಕು.

ಹಾಗಾದರೆ ಈ ಓದು ಬೇಕೆ

ಈ ಪ್ರಶ್ನೆಯನ್ನು ನೇರವಾಗಿ ಎದುರಿಸಬೇಕು. ಆಸ್ಟ್ರೇಲಿಯ 2017ರ ಡಿಸೆಂಬರಿನಲ್ಲಿ ಪ್ಯಾಪ್ ಬಿಟ್ಟು ಎಚ್‌ಪಿವಿ ಪರೀಕ್ಷೆಯನ್ನೇ ಮೊದಲ ತಪಾಸಣೆಯಾಗಿ ತಂದಿತು, ಇಂಗ್ಲೆಂಡ್ ಕೂಡ ಹಾಗೆಯೇ ಬದಲಾಯಿತು. ಭಾರತದಲ್ಲಿ ಸೀರಂ ಇನ್‌ಸ್ಟಿಟ್ಯೂಟ್‌ನ ಎಚ್‌ಪಿವಿ ತಡೆಯುವ ಸರ್ವಾವ್ಯಾಕ್ ಲಸಿಕೆಗೆ 2022ರಲ್ಲಿ ಅನುಮತಿ ಸಿಕ್ಕಿದೆ. ಕಂಪ್ಯೂಟರಿನಿಂದ ಸ್ಲೈಡು ಜಾಲಾಡಿ ಅನುಮಾನದ ಜಾಗಗಳನ್ನು ತೋರಿಸುವ ಯಂತ್ರಗಳಿಗೆ ಅಮೆರಿಕದಲ್ಲಿ ಬಹಳ ಹಿಂದೆಯೇ ಒಪ್ಪಿಗೆ ಸಿಕ್ಕಿದ್ದು, ಕೃತಕ ಬುದ್ಧಿಮತ್ತೆಯ ಯಂತ್ರವೂ 2024ರಲ್ಲಿ ಸೇರಿತು. ಬರೀ ಪ್ಯಾಪ್ ಓದುವುದನ್ನು ನಂಬಿ ಈ ವೃತ್ತಿಗೆ ಬರುವುದು ಸರಿಯಲ್ಲ.

ಆದರೆ ಭಾರತದ ಸೈಟಾಲಜಿ ಮೇಜಿನ ಮೇಲೆ ಪ್ಯಾಪ್ ಒಂದು ಭಾಗ ಅಷ್ಟೇ. ಥೈರಾಯ್ಡ್, ಸ್ತನ, ಗಂಟು, ಎದೆಯ ನೀರು ಇವುಗಳಿಗೆ ವೈರಸ್ ಪರೀಕ್ಷೆ ಬದಲಿಯಾಗದು. ಎಚ್‌ಪಿವಿ ಇದೆ ಎಂದು ಬಂದವರಲ್ಲಿ ಯಾರಿಗೆ ಕೂಡಲೇ ಚಿಕಿತ್ಸೆ ಬೇಕು ಎಂದು ಬೇರ್ಪಡಿಸಲು ಹಲವು ಕಡೆ ಮತ್ತೆ ಕೋಶವನ್ನೇ ನೋಡುತ್ತಾರೆ. ಶ್ವಾಸಕೋಶದೊಳಗೆ ದುರ್ಬೀನು ಇಳಿಸಿ ಸೂಜಿ ಹಾಕುವಾಗ, ಬಂದ ಕೋಶ ಸಾಕೇ ಎಂದು ಅಲ್ಲೇ ಪಕ್ಕದಲ್ಲಿ ಬಣ್ಣ ಹಾಕಿ ಹೇಳುವವರು ಬೇಕು. ಆ ಕೋಶಗಳನ್ನು ಉಳಿಸಿಕೊಂಡು ಜೀನ್ ಪರೀಕ್ಷೆಗೆ ಕಳಿಸಬೇಕು, ಯಾವ ಔಷಧಿ ಕೊಡಬೇಕೆಂಬುದು ಅದರ ಮೇಲೆ ನಿಂತಿರುತ್ತದೆ. ಕೆಲಸ ಕಡಿಮೆಯಾಗುತ್ತಿಲ್ಲ, ಬದಲಾಗುತ್ತಿದೆ. ಆಣ್ವಿಕ ಜೀವಶಾಸ್ತ್ರವನ್ನೂ ಜತೆಗೆ ಕಲಿತವರಿಗೆ ಇಲ್ಲಿ ಭವಿಷ್ಯವಿದೆ.

ಕಾನೂನಿನ ಆಸರೆಯೂ ಬಂದಿದೆ. 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ಆಯೋಗ ಕಾಯ್ದೆಯ ಪಟ್ಟಿಯಲ್ಲಿ ಸೈಟೋಟೆಕ್ನಾಲಜಿಸ್ಟ್ ಎಂಬ ಹೆಸರು ಬೇರೆಯಾಗಿಯೇ ಇದೆ. ಆರೋಗ್ಯ ವೃತ್ತಿಪರರೆನಿಸಲು 3,600 ಗಂಟೆಗೆ ಕಡಿಮೆಯಿಲ್ಲದ ಪದವಿ ಓದು ಇರಬೇಕೆಂದೂ ಕಾಯ್ದೆ ಹೇಳುತ್ತದೆ. ನೋಂದಣಿ, ಏಕರೂಪದ ಪಠ್ಯ, ನಕಲಿ ಕೋರ್ಸುಗಳ ಮೇಲೆ ಹಿಡಿತ ಇವೆಲ್ಲ ಇದರಿಂದ ಸಾಧ್ಯ. ರಾಜ್ಯಗಳು ತಮ್ಮ ಮಂಡಳಿಗಳನ್ನು ಚುರುಕಾಗಿ ನಡೆಸಿದರೆ ಮಾತ್ರ ಅದು ವಿದ್ಯಾರ್ಥಿಯ ಕೈಗೆ ಮುಟ್ಟುತ್ತದೆ.

ಫೀಸು ಕಟ್ಟುವ ಮುನ್ನ

ಕಾಲೇಜಿನ ಕಟ್ಟಡ, ಜಾಹೀರಾತು ನೋಡಿ ಸೇರಬೇಡಿ. ಪದವಿ ಕೊಡುವ ವಿಶ್ವವಿದ್ಯಾಲಯ ಯಾವುದು, ಅದಕ್ಕೆ ಮಾನ್ಯತೆ ಇದೆಯೇ ಎಂದು ಕಾಗದದಲ್ಲಿ ಕೇಳಿ. ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯೇ, ಅಲ್ಲಿ ಸೈಟಾಲಜಿಗೆ ದಿನಕ್ಕೆ ಎಷ್ಟು ಮಾದರಿ ಬರುತ್ತದೆ, ಕಲಿಸಲು ಹಳೆಯ ಸ್ಲೈಡುಗಳ ಸಂಗ್ರಹ ಇದೆಯೇ, ಒಟ್ಟಿಗೆ ನೋಡುವ ಮೈಕ್ರೋಸ್ಕೋಪ್ ಇದೆಯೇ, ಇಂಟರ್ನ್‌ಷಿಪ್ಪಿನಲ್ಲಿ ಎಷ್ಟು ತಿಂಗಳು ಸೈಟಾಲಜಿಯಲ್ಲೇ ಕೂರಿಸುತ್ತಾರೆ ಎಂದು ವಿಚಾರಿಸಿ. ಸಾಧ್ಯವಾದರೆ ಈಗ ಮೂರನೆಯ ವರ್ಷದಲ್ಲಿರುವ ವಿದ್ಯಾರ್ಥಿಯೊಬ್ಬರನ್ನು ಮಾತಾಡಿಸಿ, ಇದುವರೆಗೆ ತಾವೇ ಎಷ್ಟು ಸ್ಲೈಡು ಓದಿದ್ದಾರೆಂದು ಕೇಳಿ. ಆ ಉತ್ತರ ಕೇಳಿದ ಮೇಲೆ ಫೀಸು ಕಟ್ಟಿ.